ಕಾರು ಕುಂಯ್ ಎಂದಿತು

ರಾಮಣ್ಣನ ಬಳಿ ಹಳೆಯ ಅಂಬಾಸಿಡರ್ ಕಾರು ಇದೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೂ ರಾಮಣ್ಣನ ಕಾರು ಓಡುತ್ತಿದೆ. ಮದುವೆ, ಆಸ್ಪತ್ರೆ, ಸಂತೆ, ಎಲ್ಲಕ್ಕೂ ಊರಿನವರು ಅದನ್ನೇ ಕರೆಯುತ್ತಾರೆ. ಬಾಡಿಗೆ ಹಣದಿಂದಲೇ ಮನೆ ನಡೆಯುತ್ತದೆ.

ಒಂದು ದಿನ ಕಾರಿನಿಂದ ಹೊಸ ಶಬ್ದ ಬಂತು. ನಾಯಿಮರಿ ಕುಂಯ್‌ಗುಟ್ಟಿದ ಹಾಗಿತ್ತು. ದಿನದಿನಕ್ಕೆ ಅದು ಜೋರಾಯಿತು.

ರಾಮಣ್ಣ ಪೇಟೆಯ ಒಂದು ಗ್ಯಾರೇಜಿಗೆ ಹೋದ. ಅಲ್ಲಿಯವರು ಬಾನೆಟ್ ಕೂಡ ಎತ್ತಲಿಲ್ಲ. “ಇಂಜಿನ್ ಹೋಗಿದೆ. ಪೂರ್ತಿ ಬಿಚ್ಚಬೇಕು. ದುಡ್ಡು ಹೊಂದಿಸಿಕೊಂಡು ಬಾ” ಎಂದರು.

ರಾಮಣ್ಣ ಸಪ್ಪೆ ಮುಖದಿಂದ ಮನೆಗೆ ಬಂದ. “ಗೌರೀ, ನಿನ್ನ ಓಲೆ ಅಡ ಇಡಬೇಕಾಗ್ತದೆ” ಎಂದ.

ಗೌರಮ್ಮ ಸಾಕ್ಷರತಾ ಕೇಂದ್ರದಲ್ಲಿ ಓದು ಬರಹ ಕಲಿತವಳು. ಅವಳು ಹೇಳಿದಳು: “ಓಲೆ ಇಡೋದು ಇದ್ದೇ ಇದೆ ಕಣ್ರೀ. ಮೊದಲು ಇಮಾಮ್ ಸಾಬರಿಗೆ ತೋರಿಸೋಣ. ಶಬ್ದ ಯಾವಾಗ ಬರ್ತದೆ, ಯಾವಾಗ ಬರಲ್ಲ, ನೋಡಿ ಹೇಳಿ. ನಾನು ಬರೀತೀನಿ.”

ಗೌರಮ್ಮ ಹೀಗೆ ಬರೆದಳು:

1. ಕಾರು ನಿಂತಿದ್ದಾಗಲೂ ಶಬ್ದ ಬರುತ್ತದೆ.
2. ಆಕ್ಸಿಲೇಟರ್ ತುಳಿದರೆ ಜೋರಾಗುತ್ತದೆ.
3. ಕ್ಲಚ್ ತುಳಿದರೆ ಬದಲಾಗುವುದಿಲ್ಲ.
4. ಶಬ್ದ ಮುಂಭಾಗದಿಂದ ಬರುತ್ತದೆ.

ಇಮಾಮ್ ಸಾಬರು ಚೀಟಿ ಓದಿದರು. “ಭಲೇ ತಾಯಿ! ಅರ್ಧ ಕೆಲಸ ನೀವೇ ಮುಗಿಸಿದ್ದೀರಿ” ಎಂದರು.

“ಅದು ಹ್ಯಾಗೆ ಸಾಬ್ರೇ?” ರಾಮಣ್ಣ ಕೇಳಿದ.

“ನೋಡು ರಾಮಣ್ಣ, ನಿಂತಾಗಲೂ ಶಬ್ದ ಬರ್ತದೆ. ಅಂದ್ರೆ ಇದು ಚಕ್ರದ ಬೇರಿಂಗಿನದ್ದಲ್ಲ. ಕ್ಲಚ್ ತುಳಿದರೂ ಬದಲಾಗ್ಲಿಲ್ಲ. ಹಾಗಾದ್ರೆ ಗೇರ್ ಬಾಕ್ಸಿನ ಮೇಲೂ ಅನುಮಾನ ಕಡಿಮೆ. ಇಂಜಿನ್ ವೇಗದ ಜೊತೆ ಏರ್ತದೆ. ಮುಂದಿನಿಂದ ಬರ್ತದೆ. ಮೊದಲು ಬೆಲ್ಟಿನ ಕಡೆ ನೋಡೋಣ.”

ಅವರು ಬಾನೆಟ್ ಎತ್ತಿದರು. ಇಂಜಿನ್ನಿನ ಮುಂದೆ ಒಂದು ರಬ್ಬರ್ ಬೆಲ್ಟ್ ಇತ್ತು. ಅದಕ್ಕೆ ಫ್ಯಾನ್ ಬೆಲ್ಟ್ ಎನ್ನುತ್ತಾರೆ. ಇಂಜಿನ್ ತಿರುಗಿದಾಗ ಈ ಬೆಲ್ಟ್ ಎರಡು ಭಾಗಗಳನ್ನು ತಿರುಗಿಸುತ್ತದೆ. ಒಂದು ಡೈನಮೊ. ಇದು ಬ್ಯಾಟರಿಗೆ ಕರೆಂಟು ಕೊಡುತ್ತದೆ. ಇನ್ನೊಂದು ವಾಟರ್ ಪಂಪ್. ಇದು ಇಂಜಿನ್ ಮತ್ತು ರೇಡಿಯೇಟರಿನ ನಡುವೆ ನೀರು ಹರಿಸುತ್ತದೆ. ಈ ಕಾರಿನಲ್ಲಿ ಫ್ಯಾನ್ ಕೂಡ ವಾಟರ್ ಪಂಪಿನ ಮೇಲೆಯೇ ಇದೆ.

ಇಂಜಿನ್ ಆರಿಸಿ, ಸಾಬರು ಹೆಬ್ಬೆರಳಿನಿಂದ ಬೆಲ್ಟಿನ ನಡುವೆ ಒತ್ತಿದರು. ಅದು ಸುಮಾರು ಅರ್ಧ ಅಂಗುಲ ಬಗ್ಗಬೇಕು. ಇದು ಬಗ್ಗಲೇ ಇಲ್ಲ. ತಂತಿಯ ಹಾಗೆ ಬಿಗಿಯಾಗಿತ್ತು.

“ಇದನ್ನು ಬಿಗಿ ಮಾಡಿದವರು ಯಾರು?”

“ನಾನೇ ಸಾಬ್ರೇ. ಹಿಂದೆ ಬೆಲ್ಟ್ ಸಡಿಲವಾಗಿ ಕಿರ್ ಅಂತಿತ್ತು. ಬಿಗಿಯಾಗಿರಲಿ ಅಂತ ಎಳೆದುಬಿಟ್ಟೆ.”

“ಸಡಿಲವಾದರೆ ಬೆಲ್ಟ್ ಜಾರ್ತದೆ. ಅತಿ ಬಿಗಿಯಾದರೆ ಬೇರಿಂಗ್ ಸವೀತದೆ. ಎರಡೂ ಕೆಟ್ಟದ್ದೇ.”

ಸಾಬರು ಬೆಲ್ಟನ್ನು ಕಳಚಿದರು. ಅರ್ಧ ನಿಮಿಷ ಮಾತ್ರ ಇಂಜಿನ್ ಚಾಲು ಮಾಡಿಸಿದರು. ಕುಂಯ್ ಶಬ್ದ ಇರಲಿಲ್ಲ!

“ಕೇಳಿದ್ಯಾ? ಶಬ್ದ ಇಂಜಿನ್ನಿನ ಒಳಗಿಂದಲ್ಲ. ಬೆಲ್ಟು ತಿರುಗಿಸೋ ಭಾಗದ್ದು.”

ಇಂಜಿನ್ ಆರಿಸಿ ಡೈನಮೊ ರಾಟೆಯನ್ನು ಕೈಯಲ್ಲಿ ತಿರುಗಿಸಿದರು. ಅದು ನುಣ್ಣಗೆ ತಿರುಗಿತು. ಆಮೇಲೆ ಫ್ಯಾನ್ ತಿರುಗಿಸಿದರು. ಗರಗರ ಎಂದಿತು. ಹಿಡಿದು ಅಲ್ಲಾಡಿಸಿದರೆ ಹಲ್ಲು ಸಡಿಲವಾದ ಹಾಗೆ ಅಲ್ಲಾಡಿತು. ಪಂಪಿನ ಕೆಳಗೆ ನೀರು ಒಸರಿದ ಕಲೆಯೂ ಇತ್ತು.

“ವಾಟರ್ ಪಂಪಿನ ಬೇರಿಂಗ್ ಹೋಗಿದೆ” ಎಂದರು ಸಾಬರು.

“ಹೀಗೇ ಓಡಿಸಿದ್ರೆ ಏನಾಗ್ತಿತ್ತು?” ಗೌರಮ್ಮ ಕೇಳಿದಳು.

“ಒಂದು ದಿನ ಪಂಪ್ ಹಿಡಿದುಕೊಳ್ತದೆ. ಬೆಲ್ಟ್ ಕಿತ್ತುಹೋಗ್ತದೆ. ನೀರು ಹರಿಯಲ್ಲ. ಇಂಜಿನ್ ಕಾದು ಗ್ಯಾಸ್ಕೆಟ್ ಸುಡ್ತದೆ. ಆಗ ನಿಜವಾಗಿಯೂ ಇಂಜಿನ್ ಬಿಚ್ಚಬೇಕಾಗ್ತದೆ ತಾಯಿ. ಗಾಡಿಯಲ್ಲಿ ಹೆರಿಗೆಯ ಹೆಂಗಸು ಇದ್ದಾಗ ಹೀಗಾದ್ರೆ ಏನು ಗತಿ?”

ರಾಮಣ್ಣ ಹೊಸ ಪಂಪು, ಹೊಸ ಬೆಲ್ಟು ತಂದ. ಸಾಬರು ಎರಡನ್ನೂ ಹಾಕಿದರು. ಬೆಲ್ಟಿಗೆ ಅರ್ಧ ಅಂಗುಲ ಸಡಿಲ ಬಿಟ್ಟರು. ಕಾರು ಸದ್ದಿಲ್ಲದೆ ಚಾಲು ಆಯಿತು. ಒಂದು ವಾರದ ಬಾಡಿಗೆಯಲ್ಲಿ ಖರ್ಚು ತೀರಿತು. ಓಲೆ ಅಡ ಇಡುವ ಮಾತು ಮತ್ತೆ ಬರಲಿಲ್ಲ.

ತಿಳಿದುಕೊಳ್ಳಿ

● ನಿಂತಾಗ ಇಲ್ಲದ ಶಬ್ದ ಓಡುವಾಗ ಮಾತ್ರ ಬಂದರೆ ಚಕ್ರದ ಬೇರಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ನೋಡಿಸಿ.
● ನಿಂತಾಗ ಕ್ಲಚ್ ತುಳಿದರೆ ಮಾತ್ರ ಶಬ್ದ ಬಂದರೆ ಕ್ಲಚ್ ಬೇರಿಂಗ್ ನೋಡಿಸಿ.
● ಪವರ್ ಸ್ಟೇರಿಂಗಿಗೆ ಆಯಿಲ್ ಪಂಪ್ ಇರುವ ಕಾರಿನಲ್ಲಿ, ಸ್ಟೇರಿಂಗ್ ತಿರುಗಿಸಿದಾಗ ಶಬ್ದ ಬಂದರೆ ಆಯಿಲ್ ಕಡಿಮೆಯಾಗಿದೆಯೇ ನೋಡಿ.
● ಶಾಖದ ಮುಳ್ಳು ‘ಎಚ್’ ಕಡೆಗೆ ಹೋದರೆ ಗಾಡಿ ನಿಲ್ಲಿಸಿ. ‘ಎಚ್’ ಎಂದರೆ ಬಿಸಿ. ‘ಸಿ’ ಎಂದರೆ ತಣ್ಣಗೆ.

ಎಚ್ಚರ!

● ಇಂಜಿನ್ ಓಡುವಾಗ ಬೆಲ್ಟು, ಫ್ಯಾನು ಮುಟ್ಟಬೇಡಿ.
● ಸೀರೆ ಸೆರಗು, ಟವೆಲು, ಜಡೆ ಫ್ಯಾನಿನ ಹತ್ತಿರ ಬಾರದಿರಲಿ.
● ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.
● ಬೆಲ್ಟ್ ಕಳಚಿ ನೋಡುವ ಕೆಲಸ ಮೆಕ್ಯಾನಿಕ್ಕಿಗೆ ಬಿಡಿ. ಬೆಲ್ಟ್ ಇಲ್ಲದೆ ಗಾಡಿ ಓಡಿಸಬೇಡಿ.

ಉತ್ತರ ಹೇಳಿ

1. ಗೌರಮ್ಮ ಚೀಟಿಯಲ್ಲಿ ಏನೇನು ಬರೆದಳು?
2. ಬೆಲ್ಟ್ ಕಳಚಿದ ಮೇಲೆ ಸಾಬರಿಗೆ ಏನು ಗೊತ್ತಾಯಿತು?
3. ಬೇರಿಂಗ್ ಸವೆಯಲು ಕಾರಣವೇನು?

ಬಿಟ್ಟ ಜಾಗ ತುಂಬಿ

1. ಬೆಲ್ಟ್ ಸುಮಾರು \_\_\_\_\_\_ ಅಂಗುಲ ಬಗ್ಗಬೇಕು.
2. ಡೈನಮೊ \_\_\_\_\_\_ಗೆ ಕರೆಂಟು ಕೊಡುತ್ತದೆ.

ನೀವೇ ಬರೆಯಿರಿ

ನಿಮ್ಮ ಮನೆಯ ಪಂಪ್‌ಸೆಟ್ಟು, ಹೊಲಿಗೆ ಯಂತ್ರ ಅಥವಾ ಗಾಡಿ ಹೊಸ ಶಬ್ದ ಮಾಡುತ್ತಿದೆಯೇ? ಯಾವಾಗ ಬರುತ್ತದೆ? ಎಲ್ಲಿಂದ ಬರುತ್ತದೆ? ಯಾವಾಗ ನಿಲ್ಲುತ್ತದೆ? ಮೂರು ಸಾಲು ಬರೆಯಿರಿ. ರಿಪೇರಿಗೆ ಹೋಗುವಾಗ ಆ ಚೀಟಿ ನಿಮ್ಮ ಕೈಯಲ್ಲಿರಲಿ.