ಲಕ್ಷ್ಮೇಶ್ವರದ ಮಾಳಿಗೆ ಮನೆ ಉಳಿಸಿಕೊಂಡ ಬಗೆ

ಲಕ್ಷ್ಮೇಶ್ವರದ ನಮ್ಮ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿ ಎಂದು ಹೇಳದವರಿಲ್ಲ. 2019ರ ಆಗಸ್ಟ್ ಮಳೆಗೆ ನರಗುಂದ, ರೋಣದ ಕಡೆ ಮಣ್ಣಿನ ಮನೆಗಳು ಬಿದ್ದ ಮೇಲಂತೂ ಆ ಮಾತು ಜೋರಾಯಿತು. ಆದರೂ ಮನೆ ಉಳಿಸಿಕೊಂಡೆವು. ಹಿತ್ತಲ ಕಡೆಗೆ ಕಟ್ಟಿಗೆಯದೇ ಎರಡು ಕೋಣೆ ಕೂಡಿಸಿದೆವು. ಹಳೇ ಮನೆ ಇರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಹಲಗೆ, ಬೇವಿನ ತಪ್ಪಲು, ಕೊನೆಗೆ ಮಣ್ಣು: ಈ ಸೀಮೆಯ ಮಾಳಿಗೆ ಎಂದರೆ ಇಷ್ಟು. ಮೇಲ್ಪದರಕ್ಕೆ ಕರಲು ಮಣ್ಣು. ಉಪ್ಪಿನಂಶದ ಈ ಮಣ್ಣು ನೀರು ಬಿದ್ದೊಡನೆ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ವರ್ಷಕ್ಕೆ 600 ಮಿ.ಮೀ. ಆಚೀಚೆ ಮಳೆಯ ನಾಡಿಗೆ ಅಷ್ಟು ಸಾಕು. ಆದರೆ ಹಳೇ ಮಣ್ಣು ತೆಗೆಯದೆ ಮೇಲಿಂದ ಮೇಲೆ ಹಾಕುತ್ತ ಹೋದರೆ ಹೊರೆ ಏರುತ್ತದೆ. ಒಂದಡಿ ಮಣ್ಣೆಂದರೆ ಚದರ ಮೀಟರಿಗೆ ಸುಮಾರು ಅರ್ಧ ಟನ್! ನಮ್ಮ ಜಂತಿ ಬಾಗಿದ್ದು ಈ ಹೊರೆಗೆ. ವಯಸ್ಸಾಯಿತೆಂದು ಅವುಗಳನ್ನು ದೂರುವುದು ತಪ್ಪು.

ತೊಲೆ ಕೆಡುವುದು ಗೋಡೆಯೊಳಗೆ ಹೂತ ತುದಿಯಲ್ಲಿ. ಬಡಿಗೇರರು ದಬ್ಬಣ ಹಿಡಿದು ಒಂದೊಂದೇ ತುದಿ ಚುಚ್ಚುತ್ತ ಬಂದರು. ಗಟ್ಟಿ ಸಾಗವಾನಿಯಲ್ಲಿ ದಬ್ಬಣ ಎಳ್ಳಷ್ಟೂ ಇಳಿಯಲಿಲ್ಲ. ಬಚ್ಚಲ ಗೋಡೆ ಕಡೆಯ ಒಂದರಲ್ಲಿ ಹಿಡಿಯ ತನಕ ಹೋಯಿತು. ಎಳೆದಾಗ ಒದ್ದೆ ಪುಡಿ ಮೆತ್ತಿಕೊಂಡು ಬಂತು. ಆ ಗೋಡೆಗೆ ಹೊರಗಿನಿಂದ ಸಿಮೆಂಟ್ ಬಳಿದಿತ್ತು. ಮಣ್ಣು ಹೀರಿದ ತೇವ ಹೊರಹೋಗಲು ದಾರಿಯಿಲ್ಲದೆ ಕಟ್ಟಿಗೆಗೆ ಇಳಿದಿತ್ತು. ಗೌಂಡಿಗಳು ಸಿಮೆಂಟ್ ಕೆತ್ತಿ ತೆಗೆದು ಸುಣ್ಣದ ಗಾರೆ ಬಳಿದರು. ತೊಲೆ ಪೂರ್ತಿ ಬದಲಿಸಲಿಲ್ಲ: ಕೊಳೆತ ಮೊಳದಷ್ಟನ್ನು ಓರೆಯಾಗಿ ಕೊಯ್ದು, ಅದೇ ಜಾತಿಯ ಕಟ್ಟಿಗೆ ಕೂಡಿಸಿ, ಬೋಲ್ಟ್ ಬಿಗಿದು, ಆ ಕೂಡುವಿಕೆಯ ಕೆಳಗೊಂದು ಕಂಬ ಕೊಟ್ಟರು.

ಹೊಸ ಕೋಣೆಗಳ ಭಾರ ಹಳೇ ಗೋಡೆಯ ಮೇಲೆ ಒಂದಿಷ್ಟೂ ಇಲ್ಲ. ಅವು ತಮ್ಮದೇ ಕಂಬಗಳ ಮೇಲೆ ನಿಂತಿವೆ, ಕಂಬಗಳು ಕಲ್ಲಿನ ಮೇಲೆ. ಕಟ್ಟಿಗೆ ನೆಲ ಮುಟ್ಟಿತೋ, ಗೆದ್ದಲಿಗೆ ದಾರಿಯಾಯಿತು. ಮಂಗಳೂರು ಹಂಚಿನ ಇಳಿಜಾರು ಹಳೇ ಗೋಡೆಯಿಂದ ಆಚೆಗಿದೆ. ಕಟ್ಟಿಗೆ ಸಿಕ್ಕಿದ್ದು ಗದಗ-ಬೆಟಗೇರಿಯಲ್ಲಿ ಕೆಡವಿದ ಮನೆಗಳಿಂದ. ವರ್ಷಗಟ್ಟಲೆ ಒಣಗಿದ ಸಾಗವಾನಿ ಹಸಿ ಕಟ್ಟಿಗೆಯ ಹಾಗೆ ತಿರುಚಿಕೊಳ್ಳುವುದಿಲ್ಲ. ಕೊಯ್ಯಿಸುವ ಮುನ್ನ ಹಳೇ ಮೊಳೆ ಹುಡುಕಿ ಕೀಳಬೇಕು, ಇಲ್ಲವಾದರೆ ಗರಗಸದ ಹಲ್ಲು ಹೋಗುತ್ತವೆ. ಒಂದೂ ಹೊಸ ಮರ ಕಡಿಯದೆ ಎರಡು ಕೋಣೆ ಎದ್ದವು ಎಂಬ ಸಮಾಧಾನ ನನಗೆ ದೊಡ್ಡದು.

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಓಣಿಗಳಲ್ಲಿ ಇಂಥ ಮನೆಗಳು ಇನ್ನೂ ಇವೆ. ಜೆಸಿಬಿ ಕರೆಸುವ ಮುನ್ನ ಅನುಭವಸ್ಥ ಬಡಿಗೇರರಿಗೆ ಒಮ್ಮೆ ಮನೆ ತೋರಿಸಿ. ಕೆಡವಲೇಬೇಕೆಂದಾದರೆ ಕಂಬ, ಬೋದಿಗೆ, ಜಂತಿಗಳನ್ನು ಒಂದೊಂದಾಗಿ ಬಿಚ್ಚಿಸಿ ಇಡಿ. ದಯವಿಟ್ಟು ಒಲೆಗೆ ಹಾಕಬೇಡಿ. ಅಷ್ಟು ಬಲಿತ ಸಾಗವಾನಿ ಈಗ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ.