ಗಿಟಾರ್ ಕೈಗೆ ಬೇಸ್ ಬಂದಾಗ

ವರ್ಷಗಟ್ಟಲೆ ಗಿಟಾರ್ ನುಡಿಸಿದ ನಿಮಗೆ ಸ್ವರಸ್ಥಾನ ಹುಡುಕುವ ಕಷ್ಟವಿಲ್ಲ. ಬೇಸ್‌ನ ನಾಲ್ಕು ತಂತಿಗಳಿಗೂ ಗಿಟಾರಿನ ದಪ್ಪ ತಂತಿಗಳ ಶ್ರುತಿಯೇ, ಒಂದು ಸ್ಥಾಯಿ ಕೆಳಗೆ ಅಷ್ಟೆ. ತೊಡಕಿರುವುದು ಅಭ್ಯಾಸದಲ್ಲಿ: ಖಾಲಿ ಜಾಗ ಕಂಡಲ್ಲೆಲ್ಲ ಸ್ವರ ತುಂಬಲು ಬೆರಳು ಹಾತೊರೆಯುತ್ತದೆ. ತಡೆಯಿರಿ. ಮೊದಮೊದಲು ಡ್ರಮ್ಮರ್ ಜೊತೆಗಷ್ಟೇ ಕೂತು, ಕಿಕ್ ಡ್ರಮ್‌ನ ಪೆಟ್ಟಿಗೆ ಸರಿಯಾಗಿ ಕಾರ್ಡ್‌ನ ಮೂಲ ಸ್ವರವನ್ನು ಮಾತ್ರ ನುಡಿಸಿ. ಸ್ವರ ಎಲ್ಲಿ ನಿಲ್ಲಬೇಕೆಂಬುದೂ ನಿಮ್ಮದೇ ಹೊಣೆ. ನುಡಿಸದ ತಂತಿಗಳನ್ನು ಎರಡೂ ಕೈಗಳಿಂದ ಸುಮ್ಮನಾಗಿಸಿ, ಇಲ್ಲದಿದ್ದರೆ ಎಲ್ಲವೂ ಗುಂಯ್‌ಗುಟ್ಟುತ್ತವೆ. 34 ಇಂಚಿನ ತಂತಿಯುದ್ದ ಎಡಗೈಯನ್ನು ದಣಿಸುತ್ತದೆ. ಮಣಿಕಟ್ಟು ನೋಯತೊಡಗಿದರೆ ಅಂದಿಗೆ ಸಾಕು ಮಾಡಿ.

ಪಿಕ್ ಬಿಡಲೇಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ನಿಮ್ಮಂತೆಯೇ ಗಿಟಾರಿನಿಂದ ಬಂದ ಕ್ಯಾರಲ್ ಕೇ, ಲಾಸ್ ಏಂಜಲೀಸ್‌ನ ಸ್ಟುಡಿಯೊಗಳಲ್ಲಿ ಪಿಕ್ ಹಿಡಿದೇ ಬೇಸ್ ನುಡಿಸಿದರು. ಬೆರಳಿನ ನಾದವನ್ನೂ ಜೊತೆಗೇ ಕಲಿಯಿರಿ.