ಬೀಡಿ ಬಿಟ್ಟವನಿಗೂ ಐದು ನಿಮಿಷ ಬೇಕು

ಶಹಾಬಾದಿನ ಪರ್ಸಿ ಕಲ್ಲಿನ ಖಣಿಯಲ್ಲಿ ಸುಮ್ಮನೆ ಕೂತವನಿಗೆ ಮುಕಾದಮ ಗದರುತ್ತಾನೆ. ಬೀಡಿ ಹಚ್ಚಿಕೊಂಡು ಕೂತವನಿಗೆ ಏನೂ ಅನ್ನುವುದಿಲ್ಲ. ತಂಬಾಕು ಬಿಡಿಸುವ ಆಪ್ತಸಮಾಲೋಚಕಿಯಾಗಿ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳಲ್ಲಿ ತಿರುಗತೊಡಗಿದಾಗ ಇದನ್ನು ನನಗೆ ಹೇಳಿಕೊಟ್ಟದ್ದು ತರಬೇತಿಯ ಪುಸ್ತಕವಲ್ಲ, ಕಲ್ಲು ಎಬ್ಬಿಸುವ ಒಬ್ಬ ಕಾಕಾ. "ಅಕ್ಕೋರೆ, ಬೀಡಿ ಬಿಟ್ಟ ಮ್ಯಾಲ ಕುಂದರಲಾಕ ನೆಪಾನೇ ಇಲ್ದಂಗ ಆಗ್ಯಾದ ನೋಡ್ರಿ" ಅಂದರು. ಎರಡು ವಾರ ಬಿಟ್ಟು ಮತ್ತೆ ಶುರು ಮಾಡಿದ್ದರು. ಕಾರಣ ನಿಕೋಟಿನ್ ಎಷ್ಟೋ, ಸೊಂಟ ನೋವು ಅಷ್ಟೇ.

ಆಮೇಲೆ ನಾವು ಮೊದಲು ಮಾತಾಡಿಸುತ್ತಿದ್ದುದು ಮುಕಾದಮನನ್ನು. ಬೀಡಿ ಸೇದಲಿ ಬಿಡಲಿ, ಎಲ್ಲರೂ ಒಂದೇ ಹೊತ್ತಿಗೆ ಕೂತು ನೀರು ಕುಡಿಯಲಿ ಎಂದು ಕೇಳಿದೆವು. ಕೆಲವರು ಒಪ್ಪಿದರು, ಕೆಲವರು ನಕ್ಕು ಕಳಿಸಿದರು. ಒಪ್ಪಿದ ಕಡೆ ಬಿಟ್ಟವರು ಹೆಚ್ಚು ದಿನ ತಡೆದರು.

ಹೊಗೆ ಕೆಟ್ಟದ್ದು ಎಂಬುದು ಈ ಜನಕ್ಕೆ ಗೊತ್ತಿಲ್ಲದ್ದೇನಲ್ಲ. ಪ್ಯಾಕೆಟ್ಟಿನ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ 2016ರಿಂದಲೇ ಇದೆ. 2018ರ ಸೆಪ್ಟೆಂಬರಿನಿಂದ 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯೂ ಅಚ್ಚಾಗುತ್ತಿದೆ. ಆದರೆ ಚಿತ್ತಾಪುರದ ಪಾನ್ ಡಬ್ಬಿಯಲ್ಲಿ ಒಂದೊಂದೇ ಸಿಗರೇಟು ಬಿಡಿಯಾಗಿ ಕೊಳ್ಳುವವನ ಕೈಗೆ ಪ್ಯಾಕೆಟ್ಟು ಬರುವುದೇ ಇಲ್ಲ. ಚಿತ್ರವೂ ಸಂಖ್ಯೆಯೂ ಅಂಗಡಿಯವನ ಬಳಿಯೇ ಉಳಿಯುತ್ತವೆ. ಹಾಗಾಗಿ ಆ ಸಂಖ್ಯೆಯನ್ನು ನಾವು ಜನರ ಮೊಬೈಲಿನಲ್ಲಿ ನಮ್ಮ ಕೈಯಾರೆ ಸೇವ್ ಮಾಡಿಕೊಡುತ್ತಿದ್ದೆವು. ಒಬ್ಬ ತಮ್ಮ ಅದಕ್ಕೆ 'ಬೀಡಿ ಅಕ್ಕ' ಎಂದು ಹೆಸರಿಟ್ಟಿದ್ದ.

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಕೂಲಿಯವರದು ಇನ್ನೊಂದು ಕಥೆ. ಗೇಟಿನೊಳಗೆ ಕಡ್ಡಿಪೆಟ್ಟಿಗೆ ಒಯ್ಯುವಂತಿಲ್ಲ. "ನಾ ಬೀಡಿ ಬಿಟ್ಟು ಭಾಳ ದಿನ ಆಯ್ತ್ರಿ" ಎಂದು ಎದೆ ತಟ್ಟಿ ಹೇಳಿದವನ ದವಡೆ ಉಬ್ಬಿರುತ್ತಿತ್ತು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಗಿದೆ. ಹಾಗಾಗಿ ಅಂಗಡಿಯಲ್ಲಿ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಕೂಡಿಸುವ ಕೆಲಸ ಗಿರಾಕಿಯದು. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕಿನವರು ಶೇ. 16.3. ಈ ಅಂಕಿ ಓದಿದ ಮೇಲೆ 'ಬೀಡಿ ಬಿಟ್ಟಿರಾ?' ಎಂದು ಕೇಳುವುದನ್ನು ನಿಲ್ಲಿಸಿ 'ಬಾಯಾಗ ಏನದ?' ಎಂದು ಕೇಳತೊಡಗಿದೆ.

ನಿಕೋಟಿನ್ ಗಮ್ ಕೊಡುವಾಗ ಇದೇ ದವಡೆ ಉಪಕಾರಕ್ಕೆ ಬಂತು. ಎರಡು ಮಿಲಿಗ್ರಾಂ ಗಮ್ಮನ್ನು ಚೂಯಿಂಗ್ ಗಮ್ಮಿನಂತೆ ಕಚಕಚ ಅಗಿದರೆ ಹೊಟ್ಟೆ ತೊಳಸುತ್ತದೆ, ಬಿಕ್ಕಳಿಕೆ ಬರುತ್ತದೆ. ನಿಧಾನಕ್ಕೆ ಅಗಿದು, ನಾಲಿಗೆಗೆ ಮೆಣಸಿನಂಥ ಚುರುಕು ತಾಗಿದ ಕೂಡಲೇ ಕೆನ್ನೆಗೆ ಒತ್ತಿ ಬಿಡಬೇಕು. ಚುರುಕು ಇಳಿದಾಗ ಮತ್ತೆ ಅಗಿಯಬೇಕು. ತಂಬಾಕು-ಸುಣ್ಣ ತಿಕ್ಕಿ ಇಟ್ಟುಕೊಂಡು ರೂಢಿಯಿದ್ದವರು ಇದನ್ನು ಒಂದೇ ಸಲಕ್ಕೆ ಕಲಿತರು. ಬೀಡಿಯವರಿಗೆ ಮಾತ್ರ ಪದೇ ಪದೇ ಹೇಳಬೇಕಾಯಿತು. ಅದಕ್ಕಿಂತ ಕಷ್ಟವಾದದ್ದು ಚಹಾ ತಪ್ಪಿಸುವುದು. ಗಮ್ ಹಾಕಿಕೊಳ್ಳುವ ಕಾಲು ತಾಸು ಮುಂಚಿನಿಂದ ಚಹಾ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಚಹಾ ಬ್ಯಾಡ ಅನ್ನುವವಳ ಮಾತು ಯಾರು ಕೇಳುತ್ತಾರೆ!

ಒಂದು ತಪ್ಪು ನಂಬಿಕೆಯೂ ಗಟ್ಟಿಯಾಗಿತ್ತು. ಬೀಡಿ ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು, ಕಫ ಹೆಚ್ಚಾಗುತ್ತದೆ. ಹೊಗೆಗೆ ಮರಗಟ್ಟಿದ್ದ ಉಸಿರುನಾಳದ ಸಣ್ಣ ಕೂದಲುಗಳು ಮತ್ತೆ ಕೆಲಸಕ್ಕೆ ಇಳಿದು ಒಳಗಿನ ಹೊಲಸನ್ನು ಹೊರಗೆ ದೂಡುವುದರಿಂದ ಹಾಗಾಗುತ್ತದೆ. ಕಲ್ಲಿನ ಧೂಳಿನಲ್ಲಿ ದುಡಿಯುವವರು ಇದನ್ನು ತಿರುಗಾಮುರುಗಾ ಓದುತ್ತಿದ್ದರು: ಬೀಡಿಯೇ ಧೂಳನ್ನು ತಡೆದಿತ್ತು, ಬಿಟ್ಟದ್ದಕ್ಕೇ ಎದೆ ಕೆಟ್ಟಿತು ಎಂದು. ಈಗ ಮೊದಲ ದಿನವೇ 'ಕೆಮ್ಮು ಬರಬಹುದು, ಅಂಜಬ್ಯಾಡ್ರಿ' ಎಂದು ಹೇಳಿಬಿಡುತ್ತೇನೆ. ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ, ಸಂಜೆ ಜ್ವರ ಬಂದರೆ ಕಫ ಪರೀಕ್ಷೆಗೆ ಕಳಿಸುತ್ತೇನೆ. ಕ್ಷಯ ಇರಬಹುದು.

ವಾಡಿಯಲ್ಲಿ ನಮಗೆ ಸಿಕ್ಕ ದೊಡ್ಡ ಬಲ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು. ಉಳಿತಾಯದ ಸಭೆಯಲ್ಲಿ ಗಂಡನ ಬೀಡಿಯ ಉದ್ರಿ ಲೆಕ್ಕ ತೆಗೆದರೆ ಮುಗಿಯುತ್ತಲೇ ಇರಲಿಲ್ಲ. ದಿನಾ 'ಇವತ್ತ ಸೇದಿರೇನು?' ಎಂದು ಜಗಳಾಡುವುದನ್ನು ಬಿಟ್ಟು, ಊಟವಾದ ಮೇಲಿನ ಆ ಹತ್ತು ನಿಮಿಷ ಅವರನ್ನು ಹೊರಗೆ ಒಬ್ಬರೇ ನಿಲ್ಲಲು ಬಿಡಬ್ಯಾಡ್ರಿ ಎಂದೆವು. ಬಯಕೆ ಉಕ್ಕುವುದು ಕೆಲವೇ ನಿಮಿಷ, ಆಮೇಲೆ ತಾನಾಗಿ ಇಳಿಯುತ್ತದೆ. ಒಬ್ಬಾಕೆ ಗಂಡನ ಕೈಗೆ ಬೆಳ್ಳುಳ್ಳಿ ಕೊಟ್ಟು ಸುಲಿಸಿದಳಂತೆ. ಕೈಗೂ ಕೆಲಸ ಸಿಕ್ಕಿತು. (ಹೀಗೆ ಬುದ್ಧಿ ಹೇಳುತ್ತಿದ್ದ ಹಿರಿಯಾಕೆಯ ಸೆರಗಿನ ಗಂಟಿನಲ್ಲೇ ತಂಬಾಕಿನ ಡಬ್ಬಿ ಇತ್ತು, ಅದು ಬೇರೆ ಮಾತು.)

ರಂಜಾನ್ ತಿಂಗಳೂ ನಮ್ಮ ಕೈಹಿಡಿಯಿತು. ಬೆಳಗಿನಿಂದ ಸಂಜೆವರೆಗೆ ನೀರೇ ಮುಟ್ಟದವರಿಗೆ ಬೀಡಿ ಇಲ್ಲದೆ ಇರಲು ಬರುತ್ತದೆ ಎಂಬುದು ಅವರಿಗೇ ಗೊತ್ತು. ಉಳಿಯುವುದು ಇಫ್ತಾರ್ ನಂತರದ ಮೊದಲ ಬೀಡಿ. ಅದೊಂದನ್ನು ದಾಟಿಸಲು ಗೆಳೆಯರು ಜೊತೆಗೆ ಬೇಕು, ಉಪದೇಶ ಬೇಕಿಲ್ಲ.

ನಮಗೆ ಸುಲಭಕ್ಕೆ ಬಗ್ಗದ ಜಾಗ ಚಿಂಚೋಳಿ. ತಾಂಡಾಗಳಲ್ಲಿ ಹೆಸರು ಬರೆದುಕೊಂಡು ಬಿಡುವ ದಿನ ಗೊತ್ತುಮಾಡುವಷ್ಟರಲ್ಲಿ ಅರ್ಧ ಮಂದಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿರುತ್ತಾರೆ. ಅಲ್ಲಿ ಆಶಾ ಕಾರ್ಯಕರ್ತೆ ಬಾಗಿಲಿಗೆ ಬರುವುದಿಲ್ಲ, ನಾನೂ ಹೋಗಲಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೂತವರು ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ತಾವಾಗಿ ತಿರುಗಿ ಫೋನು ಮಾಡಿ ವಿಚಾರಿಸುತ್ತಾರೆ. ಊರು ಬಿಟ್ಟವರಿಗೆ ಸದ್ಯಕ್ಕೆ ಅದೇ ಆಸರೆ. ಆದರೆ ಕೆಲಸದ ಊರಿಗೆ ಹೋದ ಕೂಡಲೇ ಸಿಮ್ ಬದಲಿಸುತ್ತಾರೆ. ಅದಕ್ಕೆ ಈಗ ಹೆಸರು ಬರೆದುಕೊಳ್ಳುವಾಗ ತಾಂಡಾದಲ್ಲೇ ಉಳಿಯುವ ಆಯಿಯ ನಂಬರನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತೇವೆ.